ಹಸಿರಾಗದ ಧಾರೆ

ನಾನು ಚಿಕ್ಕವಳಿದ್ದಾಗ ನಮ್ಮ ಕಡೆಯ ಮದುವೆ ಫೋಟೊಗಳಲ್ಲಿ ಹೆಣ್ಣು ಗಂಡು ಇಬ್ಬರೂ ಹಸಿರಾಗಿರುತ್ತಿದ್ದರು. ನಗಬೇಡಿ ಮಕ್ಕಳೇ, ನಿಜ! ಛತ್ರದ ಟ್ಯೂಬ್‌ಲೈಟು ನಮ್ಮ ಕಣ್ಣಿಗೆ ಬೆಳ್ಳಗೆ ಕಂಡರೂ ಕ್ಯಾಮೆರಾದೊಳಗಿನ ಕಲರ್ ರೀಲಿಗೆ ಹಸಿರಾಗಿ ಕಾಣುತ್ತಿತ್ತು. ಫ್ಲ್ಯಾಶ್ ಬಿದ್ದ ಕಡೆ ಮಾತ್ರ ಸರಿಯಾದ ಬಣ್ಣ. ಮೈಸೂರಿನ ಲ್ಯಾಬಿನವರು ಪ್ರಿಂಟು ಹಾಕುವಾಗ ಹಸಿರು ತೆಗೆಯಲು ಹೋದರೆ, ಸರಿಯಿದ್ದ ಮುಖ ಗುಲಾಬಿಯಾಗಿಬಿಡುತ್ತಿತ್ತು.

ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರ ಅಪ್ಪನ ಸ್ಟುಡಿಯೊ ಇತ್ತು. ಫೋಟೊಗಾಗಿ ಟ್ಯೂಬ್‌ಲೈಟು ಆರಿಸುತ್ತೇನೆಂದರೆ, ಶುಭಕಾರ್ಯದಲ್ಲಿ ದೀಪ ಆರಿಸುವುದುಂಟೇ ಎಂದು ಹಿರಿಯರು ಅಪ್ಪನ ಮೈಮೇಲೆ ಬೀಳುತ್ತಿದ್ದರು. ಅಂಥದ್ದರಲ್ಲಿ ತೆರಕಣಾಂಬಿಯ ಛತ್ರದಲ್ಲಿ ಅಕ್ಕನ ಮದುವೆ ನಿಶ್ಚಯವಾಯಿತು. ಧಾರೆ ಎರೆಯಬೇಕಾದವರು ಅಪ್ಪ. ಮತ್ತೆ ಫೋಟೊ ತೆಗೆಯುವವರು ಯಾರು? ಬೇರೆ ಸ್ಟುಡಿಯೊದವರನ್ನು ಕರೆಸಿ ಎಂದಳು ಅಜ್ಜಿ. ಅಪ್ಪನ ಹತ್ತಿರವೇ ಕ್ಯಾಮೆರಾ ಹಿಡಿಯಲು ಕಲಿತಿದ್ದ ನನಗೆ ಸಿಟ್ಟು ನೆತ್ತಿಗೇರಿತು. ನಾನೇ ತೆಗೆಯುತ್ತೇನೆ, ಅದೂ ಹಸಿರಾಗದ ಹಾಗೆ ಎಂದು ಹಟ ಹಿಡಿದೆ.

ಅಪ್ಪ ನನ್ನನ್ನೇ ನೋಡಿದರು. "ಧಾರೆ ಒಂದೇ ಸತಿ ಕಣಮ್ಮಿ. ಫೋಟೊ ಕೆಟ್ಟೋಯ್ತು ಅಂತ ಇನ್ನೊಂದ್ಸತಿ ಎರೆಯಕ್ಕಾಗಕಿಲ್ಲ" ಅಂದರು.

ದೀಪ ಆರಿಸುವ ಹಾಗಿಲ್ಲ, ಸರಿ. ಅದರ ಬಣ್ಣ ಬದಲಿಸಬಹುದಲ್ಲ? ಹಸಿರನ್ನು ಗುಲಾಬಿಯೇ ಕಳೆಯಬೇಕು. ಅಂಗಡಿಯಿಂದ ಬೆಳಕು ತೂರುವ ತೆಳು ಗುಲಾಬಿ ಕಾಗದ ತಂದು ಸ್ಟುಡಿಯೊದ ಟ್ಯೂಬ್‌ಲೈಟಿಗೆ ಎರಡು ಸುತ್ತು ಸುತ್ತಿ, ಅಕ್ಕನನ್ನು ಕೂರಿಸಿ ಫೋಟೊ ತೆಗೆದೆ. ಮೈಸೂರಿನಿಂದ ಬಂದ ಪ್ರಿಂಟಿನಲ್ಲಿ ಅಕ್ಕ ಬೊಂಬಾಯಿ ಮಿಠಾಯಿಯಂತೆ ಗುಲಾಬಿ! ಅವಳು ಅತ್ತೇಬಿಟ್ಟಳು. ನಾನು ಬಿಡಲಿಲ್ಲ. ಒಂದೇ ಸುತ್ತು ಸುತ್ತಿ ಮತ್ತೆ ತೆಗೆದೆ. ಆಗ ಅಕ್ಕ ಅಕ್ಕನ ಹಾಗೇ ಬಂದಳು.

ಮದುವೆಯ ದಿನ ಬೆಳಿಗ್ಗೆ ಏಣಿ ಹತ್ತಿ ಛತ್ರದ ಟ್ಯೂಬ್‌ಲೈಟುಗಳಿಗೆಲ್ಲ ಕಾಗದ ಸುತ್ತಿದೆ. ಕೆಳಗೆ ಮಲ್ಲಿಗೆ, ಸಾಂಬ್ರಾಣಿ, ಕುದಿಯುವ ಸಾರಿನ ವಾಸನೆ. ಅಜ್ಜಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಮದ್ವೆ ಮನೇನ ನಾಟ್ಕದ ಸ್ಟೇಜ್ ಮಾಡ್ಬುಟ್ಟಲ್ಲಮ್ಮಿ. ಬಿಚ್ಚು ಅದ್ನ."

"ಒಂದು ದೀಪನೂ ಆರ್ಸಿಲ್ಲ ಕಣಜ್ಜಿ. ಬೇಕಾದ್ರೆ ಎಣಿಸ್ಕೊ."

ಅಜ್ಜಿ ನಿಜಕ್ಕೂ ಕತ್ತೆತ್ತಿ ಎಣಿಸಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆ ಕಡೆ ನಡೆದಳು.

ವಾಲಗ ಜೋರಾಯಿತು. ಅಪ್ಪನ ಕೈಯಿಂದ ಹಾಲು ಇಳಿಯಿತು. ಉಸಿರು ಬಿಗಿಹಿಡಿದು ಕ್ಲಿಕ್ಕಿಸಿದೆ.

ಪ್ರಿಂಟು ಬಂದಾಗ ಅಜ್ಜಿ ಕನ್ನಡಕ ಒರೆಸಿಕೊಂಡು ನೋಡಿದಳು. ಹಾಲು ಹಾಲಿನ ಬಣ್ಣ, ಕುಂಕುಮ ಕುಂಕುಮದ ಬಣ್ಣ. ಎಲ್ಲರ ಕಣ್ಣೂ ಧಾರೆಯ ಮೇಲಿತ್ತು. ಅಪ್ಪ ಮಾತ್ರ ಹಾಲು ಎರೆಯುತ್ತ ನನ್ನ ಕಡೆ ನೋಡುತ್ತಿದ್ದರು.

ನಿಮ್ಮ ಫೋನು ಯಾವ ಬೆಳಕಿದ್ದರೂ ತಾನೇ ಬಣ್ಣ ಸರಿಮಾಡುತ್ತದೆ. ಕೈ ಚಾಚಿದರೆ ತೆಗೆಯುವ ನೀವೂ ಫೋಟೊದಲ್ಲಿ ಬರುತ್ತೀರಿ. ನಮ್ಮ ಮನೆಯಲ್ಲಿ ಫೋಟೊ ತೆಗೆಯುತ್ತಿದ್ದವರು ಯಾವಾಗಲೂ ಅಪ್ಪ. ಹಾಗಾಗಿ ಬೇರೆ ಯಾವ ಫೋಟೊದಲ್ಲೂ ಅವರಿಲ್ಲ. ನಿಮ್ಮ ಫೋನಿನ ತುಂಬ ನಿಮ್ಮಪ್ಪ ಇದ್ದಾನೆ. ನನ್ನಪ್ಪ ಇರುವುದು ಆ ಧಾರೆಯ ಫೋಟೊ ಒಂದರಲ್ಲೇ, ನನ್ನನ್ನು ನೋಡುತ್ತ.