ಎಳೆ ಕಡಿದರೆ ಓದು ನಿಲ್ಲುತ್ತದೆ

ಮತ್ತೋಡಿನಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಏಕನಾಥಮ್ಮನ ಜಗಲಿಯ ಮೇಲೆ ಆಗಲೇ ರಾಟೆಗಳು ತಿರುಗುತ್ತಿವೆ. ಕಂಬಳಿಗೆ ಉಣ್ಣೆ ನೂಲುವ ಹೆಂಗಸರ ನಡುವೆ ಚಾಪೆ ಹಾಸಿ ಕೂತಿರುವವರು ಮಮತಾ, ಪಂಚಾಯ್ತಿ ಗ್ರಂಥಾಲಯದ ಮೇಲ್ವಿಚಾರಕಿ. ಗ್ರಂಥಾಲಯದ ಬಾಗಿಲು ತೆಗೆಯುವ ಮೊದಲು ದಿನಾ ಇಲ್ಲಿ ಕಾದಂಬರಿ ಓದುತ್ತಾರೆ. ಇದು ಯಾರೋ ಹೇಳಿ ಮಾಡಿಸುವ ಕೆಲಸವಲ್ಲ.

ಯಾರ ಎಳೆ ಕಡಿದರೂ ಓದು ನಿಲ್ಲಬೇಕು. "ಎಳೆ ಸೇರ್ಸೋವಾಗ ಕಿವಿ ಕೇಳ್ಸಲ್ಲ ಕಣ್ರಿ. ಒಬ್ರಿಗೆ ತಪ್ಪಿದ್ರೂ ಕತೆ ಕೆಡ್ತೈತೆ" ಎನ್ನುತ್ತಾರೆ ಮಮತಾ. ಹೀಗೆ ನಿಂತು ನಿಂತು ಒಂದು ಪುಸ್ತಕ ಮುಗಿಯಲು ತಿಂಗಳುಗಟ್ಟಲೆ ಬೇಕು. ಹಾಗಾಗಿ ಪುಸ್ತಕದ ಆಯ್ಕೆ ಇಲ್ಲಿ ಹುಡುಗಾಟವಲ್ಲ.

ಇವತ್ತು ಎರಡು ತಂದಿದ್ದಾರೆ. ಒಂದರಲ್ಲಿ ಬೇಕರಿ ಹುಡುಗಿ, ದನದ ಡಾಕ್ಟರು, ಕೊನೆಗೆ ಮದುವೆ. ಇನ್ನೊಂದರಲ್ಲಿ ಇಬ್ಬರು ಗೆಳತಿಯರು. ಒಬ್ಬಳು ಅತ್ತರೆ ಇನ್ನೊಬ್ಬಳ ಬಾವಿ ನೀರು ಉಪ್ಪಾಗುತ್ತದೆ. ಮದುವೆ ಕತೆಗೆ ಬಿಳಿ ಉಣ್ಣೆ, ಗೆಳತಿಯರ ಕತೆಗೆ ಕರಿ ಉಣ್ಣೆ. ಚಿಟಿಕೆಯಷ್ಟು ಮೊರಕ್ಕೆ ಹಾಕಿದರೆ ಓಟು. ಓದುವವರಿಗೆ ಓಟಿಲ್ಲ. ನೋಡಲು ಬಂದ ನನಗೂ ಇಲ್ಲ. ಕೇಳಿದ್ದರೆ ಕಣ್ಣುಮುಚ್ಚಿ ಬಿಳಿ ಹಾಕುತ್ತಿದ್ದೆ!

ಮಮತಾ ಮನಸ್ಸು ಕರಿಯ ಕಡೆಗಿದೆ. ಏಕನಾಥಮ್ಮ ಮತ್ತು ಪಕ್ಕದ ಮನೆಯ ಚಂದ್ರಕ್ಕ ಜೀವದ ಗೆಳತಿಯರು. ಹಿತ್ತಿಲ ಗೋಡೆಯ ವಿಷಯಕ್ಕೆ ಜಗಳವಾಡಿ ದೀಪಾವಳಿಯಿಂದ ಮಾತು ಬಿಟ್ಟಿದ್ದಾರೆ. ಕತೆಗೆಂದು ಒಂದೇ ಜಗಲಿಗೆ ಬಂದರೂ ಬೆನ್ನು ತಿರುಗಿಸಿ ಕೂರುತ್ತಾರೆ. "ಸಂಕ್ಟ ಆಗ್ತೈತ್ರಿ. ನಾನು ಬುದ್ಧಿ ಹೇಳಿದ್ರೆ ಬೈತಾರೆ. ಕತೆ ಹೇಳಿದ್ರೆ ಕೇಳ್ತಾರೇನೋ" ಎಂದು ಮಮತಾ ನನ್ನ ಕಿವಿಯಲ್ಲಿ ಹೇಳುತ್ತಾರೆ.

"ಬೆಳಬೆಳಗ್ಗೆ ಅಳೋ ಕತೆ ಯಾಕವ್ವ? ಮದ್ವೆದೇ ಓದು" ಎಂದು ಚಂದ್ರಕ್ಕ ಬಿಳಿ ಹಾಕುತ್ತಾರೆ. ಮೊರದಲ್ಲಿ ಬಿಳಿ, ಕರಿ ಸಮ. ಏಕನಾಥಮ್ಮನದೊಂದೇ ಬಾಕಿ.

"ಆ ಗೆಳತೀರು ಕೊನಿಗೆ ಒಂದಾಗ್ತಾರೇನವ್ವ?" ಎಂದು ಏಕನಾಥಮ್ಮ ಕೇಳುತ್ತಾರೆ.

"ಕೊನೆ ನಾನು ಹೇಳಂಗಿಲ್ಲ ಕಣಮ್ಮ" ಎನ್ನುತ್ತಾರೆ ಮಮತಾ.

ಏಕನಾಥಮ್ಮ ಕರಿ ಹಾಕುತ್ತಾರೆ.

ಓದು ಶುರುವಾಗುತ್ತದೆ. ಬಾವಿ ನೀರು ಉಪ್ಪಾಗುವಲ್ಲಿಗೆ ಬರುತ್ತಲೇ ಚಂದ್ರಕ್ಕನ ಎಳೆ ಕಡಿಯುತ್ತದೆ. ಮಮತಾ ನಿಲ್ಲಿಸುತ್ತಾರೆ. ಕಣ್ಣು ತುಂಬಿರುವ ಚಂದ್ರಕ್ಕನಿಗೆ ಎಳೆಯ ತುದಿಯೇ ಸಿಗುತ್ತಿಲ್ಲ.

"ಕೊಡೇ ಇಲ್ಲಿ" ಎಂದು ಏಕನಾಥಮ್ಮ ಚಂದ್ರಕ್ಕನ ಕಡೆ ತಿರುಗಿ, ಎಳೆ ಹೊಸೆದು ಸೇರಿಸುತ್ತಾರೆ. ತಲೆ ಎತ್ತದೆಯೇ, "ನಮ್ಮನೆ ನೀರು ದೀಪಾವಳಿಯಿಂದ ಉಪ್ಪೇ ಕಣೇ" ಎನ್ನುತ್ತಾರೆ.

ಎಳೆ ಸೇರಿದರೂ ಮಮತಾ ಓದುತ್ತಿಲ್ಲ. ಪುಸ್ತಕ ಮುಚ್ಚಿ ನನ್ನತ್ತ ನೋಡುತ್ತಾರೆ.

"ಇವತ್ತು ಲೈಬ್ರರಿ ಬಾಗ್ಲು ತಡ ಆಗ್ತೈತೆ. ಆಗ್ಲಿ ಬಿಡ್ರಿ, ಅವ್ರು ಮಾತಾಡ್ಲಿ."