ಹೊರ್ತಿ ರಸ್ತೆಯಲ್ಲಿ ನಾಲ್ಕು ಮೊಳ ಜಾಗ

ಬೆಳಗಿನ ಐದೂವರೆ. ಹೊರ್ತಿಯಿಂದ ಇಂಡಿಗೆ ಹೋಗುವ ರಸ್ತೆಯ ಮೇಲೆ ಒಣಗಿದ ತೊಗರಿ ಗಿಡಗಳು ಹಾಸಿ ಬಿದ್ದಿವೆ. ಬಸ್ಸು, ಲಾರಿಗಳ ಗಾಲಿಯೇ ಇಲ್ಲಿ ಕಾಳು ಒಕ್ಕುವ ರಾಶಿಯ ಯಂತ್ರ. ಎಂಬತ್ನಾಲ್ಕರ ಚಂದಪ್ಪ ತಡವಲಗಿ ಸೈಕಲ್ಲನ್ನು ಜಾಲಿ ಗಿಡಕ್ಕೆ ಆನಿಸಿ, ಕವಲುಕೋಲಿನಿಂದ ರಸ್ತೆಯ ಎಡ ಅಂಚನ್ನು ಬಿಡಿಸುತ್ತಿದ್ದಾರೆ. ನಾಲ್ಕು ಮೊಳ ಸಿಕ್ಕರೆ ಸಾಕು, ಸೈಕಲ್ ಹೋಗುತ್ತದೆ.

"ಮುಟ್ಟಬ್ಯಾಡ್ರಿ ಕಾಕಾ. ನಿಮ್ಮಪ್ಪಂದೇನ್ರಿ ರಸ್ತಾ?" ತೊಗರಿಯ ಮಾಲೀಕ ಸಿದ್ಧರಾಮ ಬದುವಿನಿಂದ ಕೂಗುತ್ತಾನೆ.

"ನಿಮ್ಮಪ್ಪಂದೂ ಅಲ್ಲಲೇ. ಸರಿ ಆ ಕಡೆ."

ಇನ್ನು ಹನ್ನೆರಡು ದಿನಕ್ಕೆ ರಾಜ್ಯ ಸೈಕ್ಲಿಂಗ್ ತಂಡದ ಆಯ್ಕೆ. ಇದೇ ಊರಿನ ಇಪ್ಪತ್ತರ ದಾನೇಶ್ವರಿ ದಿನಾ ಈ ರಸ್ತೆಯಲ್ಲಿ ಅರವತ್ತು ಕಿಲೋಮೀಟರ್ ತುಳಿಯುತ್ತಾಳೆ. ಹೋದ ವರ್ಷ ತೊಗರಿ ಕಟ್ಟಿಗೆ ಗಾಲಿಗೆ ಸಿಕ್ಕಿ ಬಿದ್ದು ಭುಜದ ಎಲುಬು ಮುರಿಯಿತು, ಆಯ್ಕೆ ತಪ್ಪಿತು. ಹೆದ್ದಾರಿಯಲ್ಲಿ ತುಳಿಯಲಿ ಎನ್ನುವ ಜಾಣರಿದ್ದಾರೆ. ಅಲ್ಲಿ ಸಾಲುಗಟ್ಟಿ ನುಗ್ಗುವ ಲಾರಿಗಳ ನಡುವೆ ಅವರೇ ಒಂದು ದಿನ ತುಳಿದು ನೋಡಲಿ.

ಚಂದಪ್ಪನವರಿಗೆ ಇದು ಯಾರೋ ಹೇಳಿದ ಕಥೆಯಲ್ಲ. 1962ರಿಂದ ಹತ್ತು ವರ್ಷ ಅವರು ಸೈಕಲ್ ಕಂಪನಿಯೊಂದರ ಸಂಬಳದ ಸವಾರ. ಕಂಪನಿಯ ಹೆಸರು ಬರೆದ ಅಂಗಿ, ಗೇರಿಲ್ಲದ ಸೈಕಲ್, ಸೊಂಟಕ್ಕೆ ಕಟ್ಟಿದ ಬಟ್ಟೆಯಲ್ಲಿ ರೊಟ್ಟಿ, ಶೇಂಗಾ ಹಿಂಡಿ. 66ರಲ್ಲಿ ಸೋಲಾಪುರದಿಂದ ಪುಣೆಯವರೆಗಿನ ಪಂದ್ಯದಲ್ಲಿ ಇನ್ನೂರ ಹತ್ತು ಕಿಲೋಮೀಟರ್‌ವರೆಗೆ ಅವರೇ ಮುಂದಿದ್ದರು. ರಸ್ತೆಗೆ ಹಾಸಿದ್ದ ಜೋಳದ ತೆನೆಯ ಮೇಲೆ ಗಾಲಿ ಜಾರಿತು.

"ಎದ್ದು ನೋಡೂದ್ರಾಗ ಹನ್ನೊಂದು ಮಂದಿ ದಾಟಿದ್ರು. ಮುರದ ಕೈ ಎದಿಗಿ ಕಟ್ಕೊಂಡು ಒಂದ ಕೈಲೆ ತುಳದೆ. ಹದಿನಾರನೇದವ ಆದೆ. ಕಂಪನಿಯವ್ರು ಮನಿಗಿ ಹೋಗಂದ್ರು. ಹೋಗಲಿಲ್ಲ. ಮತ್ತ ಆರು ವರ್ಷ ತುಳದೆ."

ಸಿದ್ಧರಾಮನೂ ಸುಮ್ಮನಿರುವವನಲ್ಲ. "ನಂದ ಸರಸೂಕಿಂತ ಮೊದಲ ಆ ತಿರುವಿನ್ಯಾಗ ಹೋಗ್ರಿ. ರಸ್ತಾಕ ಅಡ್ಡ ಹಾಸಿದ್ದು ಯಾರ್ದು? ನಿಮ್ಮ ಮನೀದ."

ಹೌದು. ಹಿಂದಿನ ಸಂಜೆ ಸೊಸೆ ರುಕ್ಮವ್ವ ಹಾಸಿದ್ದು, ಅಂಚಿನಿಂದ ಅಂಚಿಗೆ. ಚಂದಪ್ಪ ಕವಲುಕೋಲು ಹಿಡಿದು ತಿರುವಿನತ್ತ ನಡೆಯುತ್ತಾರೆ. ಹೋಗಿ ಪೂರ್ತಿ ಎತ್ತುತ್ತಾರೆ, ಬರೀ ನಾಲ್ಕು ಮೊಳವಲ್ಲ. ಹೊರೆ ಕಟ್ಟಿ, ಸೈಕಲ್ಲಿನ ಕ್ಯಾರಿಯರ್ ಮೇಲೆ ಹೇರಿ ತಮ್ಮ ಹೊಲಕ್ಕೆ ನೂಕುತ್ತಾರೆ. ಏಳು ಸಲ.

"ಇನ್ನ ಇದನ್ನ ಯಾರು ಬಡೀಬೇಕ್ರಿ ಮಾವಾ?" ಎಂದು ಹೊಲದಲ್ಲಿದ್ದ ರುಕ್ಮವ್ವ ಸೊಂಟಕ್ಕೆ ಕೈಯಿಟ್ಟು ಕೇಳುತ್ತಾಳೆ.

"ನಾನ ಬಡೀತೇನಿ. ನೀ ಚಹಾ ಮಾಡು."

ನಾಲ್ಕನೇ ಹೊರೆ ಹೋಗುವಾಗ ಸಿದ್ಧರಾಮ ಬೈಯುತ್ತಲೇ ತನ್ನ ತೊಗರಿಯನ್ನು ಅಂಚಿನಿಂದ ಒಳಕ್ಕೆ ಎಳೆದುಕೊಳ್ಳುತ್ತಾನೆ.

ಏಳಕ್ಕೆ ದಾನೇಶ್ವರಿ ಬರುತ್ತಾಳೆ. ತಲೆ ತಗ್ಗಿಸಿದವಳು ಯಾರನ್ನೂ ನೋಡದೆ ತಿರುವು ದಾಟಿ ಹೋಗಿಯೇ ಬಿಡುತ್ತಾಳೆ. ಒಂದು ನಮಸ್ಕಾರವನ್ನಾದರೂ ಹೇಳಬಾರದಿತ್ತೇ ಎಂದು ಕೇಳಿದರೆ ಚಂದಪ್ಪ ಸಿಡುಕುತ್ತಾರೆ.

"ನಮಸ್ಕಾರ ಮಾಡಬೇಕಂದ್ರ ಬ್ರೇಕ್ ಹಿಡೀಬೇಕಲ್ರಿ. ಆಕಿ ಹಿಡೀಲಿಲ್ಲ, ನೋಡಿದ್ರಿಲ್ಲೋ? ಇನ್ನ ಹನ್ನೊಂದು ದಿನ ಹಿಂಗ ಹೋಗಲಿ, ನನಗ ಅಷ್ಟ ಸಾಕು."