ಎದುರು ಬೆಂಚಿನ ಚಪ್ಪಾಳೆ

ಬ್ಯಾಸ್ಕೆಟ್‌ಬಾಲ್ ಮೇಷ್ಟ್ರನ್ನು ಪ್ರಿನ್ಸಿಪಾಲ್ ಮೇಡಂ ತಮ್ಮ ಕೋಣೆಯ ಕಿಟಕಿಯಿಂದ ದಿನವೂ ನೋಡುತ್ತಿದ್ದರು. ಚೆಂಡನ್ನು ಕಲ್ಲಂಗಡಿಯ ಹಾಗೆ ಕಿವಿಗೆ ಹಿಡಿದು ತಟ್ಟಿ, ಅದರ ಸದ್ದು ಮನಸ್ಸಿಗೆ ಬಂದ ಮೇಲೆಯೇ ಅಂಗಳಕ್ಕೆ ಬಿಡುವವರು ಅವರು. ಕೊರಳಲ್ಲಿ ಸೀಟಿ ಇದ್ದರೂ ಬಾಯಲ್ಲೇ ಕೂಗುವವರು. ‘ಅಯ್ಯೋ ತಾಯಿ, ಬುಟ್ಟಿ ಅಲ್ಲೇ ಇರತ್ತೆ, ಎಲ್ಲೂ ಓಡಿಹೋಗಲ್ಲ, ನಿಧಾನ!’ ಎನ್ನುವುದೇ ಹುಡುಗಿಯರಿಗೆ ಅವರ ಬೈಗುಳ. ತಂಡ ಸೋತು ಸುಣ್ಣವಾದ ದಿನವೂ ‘ಎಂಥಾ ಆಟ ನೋಡಿದ್ವಿ!’ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಈಚೆಗಂತೂ ಸೋಲೇ ಕಾಯಂ. ಆದರೆ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಮೈ ಉರಿಯುತ್ತಿದ್ದುದು ಬೇರೆ ಕಾರಣಕ್ಕೆ: ಎದುರಾಳಿಗಳು ಸೊಗಸಾದ ಬ್ಯಾಸ್ಕೆಟ್ ಹಾಕಿದರೂ ಈ ಮನುಷ್ಯ ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದರು. ‘ನಮ್ಮ ಸಂಬಳ ತಗೊಂಡು ಅವರಿಗೆ ಚಪ್ಪಾಳೆನಾ? ಇವತ್ತಿನ ಆಟ ಮುಗೀಲಿ, ಕರೆದು ಮನೆಗೆ ಕಳಿಸಿಬಿಡಿ ಮೇಡಂ’ ಎಂದು ಅಧ್ಯಕ್ಷರು ಅಂದಿನ ಪಂದ್ಯದ ನಡುವೆಯೇ ಪಕ್ಕದಲ್ಲಿ ಕೂತಿದ್ದ ಮೇಡಂ ಕಡೆಗೆ ಬಾಗಿ ಹೇಳಿದರು. ಮೇಡಂ ಅಂಗಳದತ್ತಲೇ ನೋಡುತ್ತಿದ್ದರು. ಹುಡುಗಿಯಾಗಿದ್ದಾಗ ಅವರು ಇದೇ ಅಂಗಳಕ್ಕೆ ಎದುರಾಳಿ ಕಾಲೇಜಿನ ತಂಡದಲ್ಲಿ ಆಡಲು ಬಂದಿದ್ದರು. ದೂರದಿಂದ ಎಸೆದ ಚೆಂಡು ಕಬ್ಬಿಣದ ಬಳೆಗೂ ತಗಲದೆ ಬುಟ್ಟಿಗಿಳಿದಾಗ ಅವರ ಕಡೆಯವರೇ ‘ಅದೃಷ್ಟ ಕಣೇ’ ಎಂದು ನಕ್ಕಿದ್ದರು. ಎದುರು ಬೆಂಚಿನಿಂದ ಮಾತ್ರ ಒಬ್ಬರು ಎದ್ದು ಚಪ್ಪಾಳೆ ತಟ್ಟಿದ್ದರು. ಮೇಷ್ಟ್ರ ಕೂದಲು ಆಗಿನ್ನೂ ಕಪ್ಪಗಿತ್ತು. ಆ ಸದ್ದು ಮೇಡಂ ಕಿವಿಯಲ್ಲಿ ಇಂದಿಗೂ ಹಾಗೇ ಇತ್ತು. ಅಷ್ಟರಲ್ಲಿ ಎದುರು ತಂಡದ ಕುಳ್ಳಿ ಹುಡುಗಿಯೊಬ್ಬಳು ಎಲ್ಲರ ಕೈ ತಪ್ಪಿಸಿ ಚೆಂಡನ್ನು ಬುಟ್ಟಿಗೆ ಹಾಕಿದಳು. ಮೇಷ್ಟ್ರು ಎದ್ದರು. ‘ನೋಡಿದ್ರಾ, ನೋಡಿದ್ರಾ!’ ಎಂದು ಅಧ್ಯಕ್ಷರು ಪಕ್ಕಕ್ಕೆ ತಿರುಗಿದರೆ, ಮೇಡಂ ಕೂಡ ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದರು.